ಅರ್ಬಾಬ್ ಜೇಬಿನಲ್ಲಿದ್ದ ರಿವಾಲ್ವರ್

ಗುರಿ ತಪ್ಪಿ ಕಷ್ಟಕ್ಕೆ ಸಿಕ್ಕಿಕೊಂಡವರ ಕಥೆ ನೀವು ಬೇಕಾದಷ್ಟು ಕೇಳಿರುತ್ತೀರಿ. ನಾನು ಗುರಿ ಮುಟ್ಟಿ ಸಿಕ್ಕಿಬಿದ್ದವನು.

ಅದೂ ಎಂಥ ಗುರಿ! ಮಸ್ಕತ್ತಿನಿಂದಾಚೆ ಒಂದು ಒಣ ಹೊಳೆಯಲ್ಲಿ ಕಲ್ಲಿನ ಮೇಲೆ ನಿಲ್ಲಿಸಿದ್ದ ಖಾಲಿ ಜ್ಯೂಸ್ ಟಿನ್ನು. ಹೊಡೆದೆ, ಹಾರಿಬಿತ್ತು. ಅವತ್ತಿನಿಂದ ನನ್ನ ನೆಮ್ಮದಿಯೂ ಹಾರಿಹೋಯಿತು.

ಮೊದಲು ನನ್ನ ಅರ್ಬಾಬ್ ಪರಿಚಯ ಮಾಡಿಕೊಡಬೇಕು. (ಗಲ್ಫಿನಲ್ಲಿ ಯಜಮಾನನಿಗೆ ನಾವು ಹೀಗೆನ್ನುವುದು.) ಹೆಸರು ಸಾಲಿಂ. ಮಸ್ಕತ್ತಿನ ರೂವಿಯಲ್ಲಿ ಕಟ್ಟಡದ ಸಾಮಾನು, ಟೂಲ್ಸ್ ಮಾರುವ ಕಂಪನಿ. ನಾನು ಅಲ್ಲಿ ಮ್ಯಾನೇಜರ್. ಅವರೇ ನನ್ನ ಕಫೀಲ್ ಕೂಡ. ಅಂದರೆ ನನ್ನ ವೀಸಾ ಅವರ ಹೆಸರಿನಲ್ಲಿ, ನನ್ನ ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿ. ಚಿಕ್ಕಂದಿನಲ್ಲಿ ಬಾಂಬೆಯಲ್ಲಿದ್ದು ಹಿಂದಿ ಕಲಿತವರು. ಒಳ್ಳೆಯ ಮನುಷ್ಯ. ಅಲ್ ಖುವೈರಿನ ನಮ್ಮ ಫ್ಲ್ಯಾಟಿಗೆ ಬಂದು, ನನ್ನ ಹೆಂಡತಿ ಶಕುಂತಲಾ ಮಾಡಿದ ನೀರುದೋಸೆ, ಖಾರದ ಬಂಗುಡೆ ಮೀನಿನ ಪುಳಿಮುಂಚಿ ತಿಂದು, ಕಣ್ಣೀರು ಒರೆಸಿಕೊಳ್ಳುತ್ತಾ ಇನ್ನೂ ಬೇಕು ಅನ್ನುತ್ತಿದ್ದವರು.

ಕಳೆದ ವರ್ಷ ಒಂದು ಬೆಳಿಗ್ಗೆ ಅವರ ವಿಲ್ಲಾದ ಗೇಟು ತೆರೆದುಕೊಂಡಿತ್ತು. ಅಷ್ಟೇ. ಒಂದು ಚಮಚವೂ ಕಳುವಾಗಿರಲಿಲ್ಲ. ಗಾಳಿ ಇರಬೇಕು ಎಂದೆ. ಅವರು ಒಪ್ಪಲಿಲ್ಲ. ಆಗಷ್ಟೇ ಅವರಿಗೂ ದೊಡ್ಡಪ್ಪನ ಮಗನಿಗೂ ವ್ಯಾಪಾರ ಬೇರೆಯಾಗಿ ಮಾತು ನಿಂತಿತ್ತು. "ಗಾಳಿಗೆ ಚಿಲಕ ತೆಗೆಯಲು ಬರುತ್ತದೆಯಾ?" ಎಂದು ನನ್ನನ್ನೇ ಕೇಳಿದರು.

ಈ ದೇಶದಲ್ಲಿ ಕಾರಿನ ಕೀ ಕಾರಿನಲ್ಲೇ ಬಿಟ್ಟು ಅಂಗಡಿಗೆ ಹೋಗುತ್ತೇವೆ. ಹೆಂಗಸರು ಕತ್ತಲಾದ ಮೇಲೂ ಬಳೆ ಆಡಿಸುತ್ತಾ ನಡೆದು ಬರುತ್ತಾರೆ. ಇಲ್ಲಿ ಯಾರಿಗೆ ಯಾರ ಭಯ? ಆದರೆ ಭಯ ಊರು ನೋಡಿ ಬರುತ್ತದೆಯೇ?

ಸ್ವಲ್ಪ ದಿನ ಕಳೆದು ಅರ್ಬಾಬ್ ನನ್ನನ್ನು ಕ್ಯಾಬಿನ್ನಿಗೆ ಕರೆದರು. ಬಾಗಿಲು ಹಾಕಿಸಿದರು. ದಿಶ್ದಾಶಾದ (ಇಲ್ಲಿನ ಗಂಡಸರ ಉದ್ದ ನಿಲುವಂಗಿ) ಪಕ್ಕದ ಜೇಬಿಗೆ ಕೈಹಾಕಿ, ಮೇಜಿನ ಮೇಲೆ ಏನೋ ಇಟ್ಟರು.

ರಿವಾಲ್ವರ್. ಅಂಗೈಯಷ್ಟು. ಮೊದಲ ನೋಟಕ್ಕೆ ಮಕ್ಕಳ ಆಟಿಕೆ ಅಂದುಕೊಂಡೆ.

"ಲೈಸೆನ್ಸ್ ಇದೆ. ಎತ್ತಿ ನೋಡು" ಎಂದರು.

ಎತ್ತಿದೆ. ಭಾರವೇ ಇಲ್ಲ! ಉಕ್ಕಲ್ಲ, ಯಾವುದೋ ಹಗುರ ಲೋಹವಂತೆ. ಜೇಬಿನಲ್ಲಿಟ್ಟರೆ ಬಟ್ಟೆ ಜೋಲುವುದಿಲ್ಲವಂತೆ. ಎದ್ದು ನಿಂತು, ಮದುಮಗನ ಹಾಗೆ ಒಂದು ಸುತ್ತು ತಿರುಗಿ ತೋರಿಸಿದರು. ನಿಜ, ಏನೂ ಕಾಣಲಿಲ್ಲ.

"ನಿಮ್ಮ ತಂದೆಯ ಕೋವಿ ಗೋಡೆಯ ಮೇಲೆ ಉಂಟಲ್ಲ?" ಎಂದೆ.

"ಅದು ಮದುವೆಯಲ್ಲಿ ಆಕಾಶಕ್ಕೆ ಹೊಡೆಯಲಿಕ್ಕೆ. ಇದು ನನಗೆ."

ಅವರ ತಂದೆ ಆ ಉದ್ದ ಕೋವಿಯನ್ನು ಹೆಗಲ ಮೇಲೆ ಹಾಕಿಕೊಂಡು ಊರೆಲ್ಲ ತಿರುಗುತ್ತಿದ್ದರಂತೆ. ಕೋವಿ ಇದೆಯೆಂದು ಎಲ್ಲರಿಗೂ ಗೊತ್ತು, ಹಾಗಾಗಿ ಯಾರಿಗೂ ಚಿಂತೆಯಿಲ್ಲ. ಇದು ಹಾಗಲ್ಲ. ಬಚ್ಚಿಟ್ಟುಕೊಳ್ಳಲಿಕ್ಕೆಂದೇ ಮಾಡಿದ್ದು. ಅವತ್ತಿನಿಂದ ಅರ್ಬಾಬ್ ಎದುರಿಗೆ ಬಂದರೆ ನನ್ನ ಕಣ್ಣು ಮುಖಕ್ಕಿಂತ ಮೊದಲು ಜೇಬಿಗೆ ಹೋಗುತ್ತಿತ್ತು.

ಒಂದು ಶುಕ್ರವಾರ ಬೆಳಿಗ್ಗೆ ಅವರ ಗಾಡಿ ನಮ್ಮ ಬಿಲ್ಡಿಂಗ್ ಕೆಳಗೆ ಹಾರ್ನ್ ಹೊಡೆಯಿತು. "ಯಲ್ಲಾ, ಪ್ರಾಕ್ಟೀಸಿಗೆ ಹೋಗೋಣ."

ಹೊಳೆಯಲ್ಲಿ ನಾವಿಬ್ಬರೇ. ಸುತ್ತ ಬೋಳು ಗುಡ್ಡ. ಅರ್ಬಾಬ್ ಕಾಲು ಅಗಲಿಸಿ ನಿಂತು ಟ್ರಿಗರ್ ಒತ್ತಿದರು. ಒತ್ತುತ್ತಿದ್ದಂತೆ ಹಿಂದುಗಡೆಯ ಹ್ಯಾಮರ್ ನಿಧಾನವಾಗಿ ಏಳುತ್ತದೆ, ಗುಂಡು ತುಂಬಿದ ಗಾಲಿ ತಿರುಗುತ್ತದೆ, ಆಮೇಲೆ ಢಂ! ಧೂಳು ಎದ್ದಿತು, ಟಿನ್ನಿನಿಂದ ಮಾರು ದೂರದಲ್ಲಿ. ಮತ್ತೆ ಹೊಡೆದರು. ಈ ಸಲ ಇನ್ನೊಂದು ದಿಕ್ಕಿನಲ್ಲಿ. ಐದು ಗುಂಡು ಖಾಲಿಯಾದರೂ ಟಿನ್ನು ಕಲ್ಲಿನ ಮೇಲೆ ಕೂತೇ ಇತ್ತು. ಅರ್ಬಾಬ್ ಕೈ ಕೊಡವಿಕೊಂಡರು. ಹೆಬ್ಬೆರಳಿನ ಬುಡ ಕೆಂಪಾಗಿತ್ತು. ಹಗುರವಾದಷ್ಟೂ ಒದೆ ಜಾಸ್ತಿ. (ಮನುಷ್ಯರೂ ಹಾಗೆಯೇ ಅನ್ನಿ.)

ಮತ್ತೆ ಗುಂಡು ತುಂಬಿ ನನ್ನ ಕೈಗೆ ಕೊಟ್ಟರು. ಪರದೇಶದವನು ನಾನು, ಮುಟ್ಟಬಾರದು ಎಂದು ಗೊತ್ತು. "ಬೇಡ ಅರ್ಬಾಬ್" ಎಂದೆ. "ಇಲ್ಲಿ ಯಾರು ನೋಡುತ್ತಾರೆ?" ಎಂದರು. ವೀಸಾ ಕೊಟ್ಟವರ ಮಾತು ಎಷ್ಟು ಸಲ ಮೀರಲಿಕ್ಕಾಗುತ್ತದೆ?

ಉಸಿರು ಹಿಡಿದೆ. ಒತ್ತಿದೆ. ಟಿನ್ನು ಮಾಯ.

ನಾನು ನಕ್ಕೆ. ಅವರು ನಗಲಿಲ್ಲ. ಇನ್ನೊಂದು ಟಿನ್ನು ಇಟ್ಟು ಬಂದರು. "ಮತ್ತೆ ಹೊಡಿ."

ಎರಡನೆಯದೂ ಹಾರಿತು. ಆಗ ಅವರ ಮುಖ ನೋಡಿದೆ. ಇಷ್ಟು ವರ್ಷದಲ್ಲಿ ಆ ಮುಖ ನಾನು ನೋಡಿರಲಿಲ್ಲ. ಮೂರನೆಯ ಗುಂಡನ್ನು ಜಾಣತನ ಮಾಡಿ ಗುಡ್ಡದ ಕಡೆಗೆ ಬಿಟ್ಟೆ.

"ಬೇಕಂತಲೇ ತಪ್ಪಿಸಿದೆ" ಎಂದರು. ರಿವಾಲ್ವರ್ ವಾಪಸ್ ತೆಗೆದುಕೊಂಡರು. "ಎಲ್ಲಿ ಕಲಿತೆ?"

"ಮಂಗಳೂರಲ್ಲಿ, ಕಾಲೇಜಲ್ಲಿ. ಎನ್‌ಸಿಸಿ ಇತ್ತು."

"ಅದೇನು?"

"ಸೈನ್ಯದ ಹಾಗೆ..."

"ಸೈನ್ಯ?"

"ಅಲ್ಲ ಅರ್ಬಾಬ್, ಹುಡುಗರಿಗೆ. ಪರೇಡ್ ಮಾಡಿಸಿ ಇಡ್ಲಿ ಕೊಡುತ್ತಾರೆ."

ಅವರಿಗೆ ಕೇಳಿಸಿದ್ದು ಸೈನ್ಯ ಮಾತ್ರ. ವಾಪಸ್ ಬರುವಾಗ ಕಾರಿನಲ್ಲಿ ಅರ್ಬಾಬ್ ಕ್ಯಾಸೆಟ್ಟೂ ಹಾಕಲಿಲ್ಲ.

ಮನೆಗೆ ಬಂದು ಹೇಳಿದರೆ ಶಕುಂತಲಾ ಬೈದಳು. "ಆ ಟಿನ್ನಿಗೆ ಯಾಕೆ ಹೊಡೀಲಿಕ್ಕೆ ಹೋದದ್ದು ಮಾರಾಯ್ರೆ? ಯಜಮಾನರಿಗಿಂತ ಚಂದ ಹೊಡೆದರೆ ಪ್ರಮೋಶನ್ ಕೊಡ್ತಾರಾ?"

ಪ್ರಮೋಶನ್ ಅಲ್ಲ, ಬೇರೆಯದೇ ಶುರುವಾಯಿತು. ಮರುದಿನ ಗೋಡೌನ್ ಕೀ ವಾಪಸ್ ಕೇಳಿದರು. ಬಾಗಿಲಿಗೆ ಬೆನ್ನು ಹಾಕಿದ್ದ ಅವರ ಕುರ್ಚಿ ಬಾಗಿಲ ಕಡೆಗೆ ತಿರುಗಿತು. ನಾನೂ ನಮ್ಮ ಸೇಲ್ಸಿನ ಮೊಯ್ದಿನ್ ಬ್ಯಾರಿಯವರೂ ತುಳುವಿನಲ್ಲಿ ಹರಟುವುದನ್ನು ಕೇಳಿ ನಗುತ್ತಿದ್ದವರು, ಈಗ ತಲೆಯೆತ್ತಿ "ಏನು ಮಾತು ಅದು?" ಅನ್ನತೊಡಗಿದರು.

ಒಂದು ದಿನ ಮೊಯ್ದಿನ್ ಬ್ಯಾರಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ಶೆಟ್ರೇ, ಅರ್ಬಾಬ್ ನಿಮ್ಮ ಬಗ್ಗೆ ಕೇಳಿದ್ರು. ಊರಲ್ಲಿ ಎಂತ ಮಾಡ್ಕೊಂಡಿದ್ರು, ಮಿಲಿಟರಿಯಲ್ಲಿ ಇದ್ರಾ ಅಂತ."

"ನೀವೆಂತ ಹೇಳಿದಿರಿ?"

"ನಂಗೆ ಗೊತ್ತಿಲ್ಲ ಹೇಳಿದೆ."

ಗೊತ್ತಿಲ್ಲವೇ? ನಾನು ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿದ್ದವನೆಂದು ಇವರಿಗೆ ಗೊತ್ತಿಲ್ಲವೇ? ಪ್ರತಿ ಈದಿಗೆ ಇವರ ಮನೆಯಲ್ಲಿ ಬಿರಿಯಾನಿ ತಿಂದವನು ನಾನು. ಯಾಕೆ ಹೇಳಲಿಲ್ಲ? ನನ್ನ ಕುರ್ಚಿಯ ಮೇಲೆ ಕಣ್ಣೇ? (ಪಾಪ, ಅವರು ಹೆದರಿದ್ದರು. ಬಂದೂಕು ಇಟ್ಟುಕೊಂಡವರ ಎದುರು ಯಾರಿಗೂ ಏನೂ ಗೊತ್ತಿರುವುದಿಲ್ಲ. ಇದು ಹೊಳೆದದ್ದು ಬಹಳ ತಡವಾಗಿ.) ಅವರ ಜೊತೆಗೂ ಮಾತು ಕಡಿಮೆ ಮಾಡಿದೆ.

ಅನುಮಾನಕ್ಕೆ ಕಾಲು ಬೇಕಾಗಿಲ್ಲ, ಕೂತಲ್ಲೇ ಬೆಳೆಯುತ್ತದೆ. ಆ ರಿವಾಲ್ವರಿನ ಮೇಲೆ ನನ್ನ ಬೆರಳಚ್ಚು ಇದೆಯಲ್ಲ, ಎಂದು ಒಂದು ದಿನ ಊಟದ ಮಧ್ಯೆ ನೆನಪಾಯಿತು. ನಾಳೆ ಯಾರಿಗಾದರೂ ಏನಾದರೂ ಆದರೆ? ನನ್ನನ್ನು ಹೊಳೆಗೆ ಕರೆದುಕೊಂಡು ಹೋದದ್ದೇ ಅದಕ್ಕೋ? ತಟ್ಟೆ ಸರಿಸಿ ಎದ್ದು ಕೈ ತೊಳೆದೆ. ಅವರು ನನ್ನನ್ನು ನಂಬಲಿಲ್ಲವೆಂದು ಬೇಜಾರು ಮಾಡಿಕೊಂಡವನು, ನಾನು ಅವರನ್ನು ಎಷ್ಟು ನಂಬಿದೆ ಹೇಳಿ?

ಹೀಗಿರುವಾಗ ಅದು ಆಯಿತು.

ಜರ್ಮನಿಯಿಂದ ಹೊಸ ಸ್ಯಾಂಪಲ್ ಬಂದಿತ್ತು. ವಯರಿಲ್ಲದ, ಬ್ಯಾಟರಿಯ ಡ್ರಿಲ್ ಮೆಶೀನ್. ನಮ್ಮ ಲೈನಿನಲ್ಲಿ ಅದು ಹೊಸತು. ಖುಷಿಯಲ್ಲಿ ಪೆಟ್ಟಿಗೆ ಬಿಚ್ಚಿ, ಹಿಡಿಕೆ ಹಿಡಿದು, ಹಳೆಯ ಅಭ್ಯಾಸದಂತೆ ಸೀದಾ ಕ್ಯಾಬಿನ್ನಿಗೆ ನುಗ್ಗಿದೆ. ಮೊಯ್ದಿನ್ ಬ್ಯಾರಿ ಕ್ಯಾಟಲಾಗ್ ಹಿಡಿದು ನನ್ನ ಹಿಂದೆ.

ಅರ್ಬಾಬ್ ಫೋನಿನಲ್ಲಿ ಯಾರೊಂದಿಗೋ ಜಗಳ ಆಡುತ್ತಿದ್ದರು. ತಲೆಯೆತ್ತಿದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿದರು.

ರಿಸೀವರ್ ಬಿತ್ತು. ಅವರ ಕೈ ಜೇಬಿಗೆ ಹೋದದ್ದು ನನಗೆ ಕಾಣಲೇ ಇಲ್ಲ. ಹೊರಗೆ ಬಂದದ್ದು ಕಂಡಿತು. ಇಷ್ಟೇ ಇಷ್ಟು ತೂತು, ಸೀದಾ ನನ್ನ ಎದೆಗೆ. ಓಡಬೇಕು, ಬಗ್ಗಬೇಕು, ಕೂಗಬೇಕು, ಯಾವುದೂ ಹೊಳೆಯಲಿಲ್ಲ. ನಾನು ನೋಡುತ್ತಿದ್ದುದು ಒಂದನ್ನೇ. ಹ್ಯಾಮರ್ ಏಳುತ್ತಿತ್ತು. ಗಾಲಿ ತಿರುಗಲು ಶುರುವಾಗಿತ್ತು.

"ಅರ್ಬಾಬ್! ಡ್ರಿಲ್! ಡ್ರಿಲ್ ಹೈ ವೋ!" ಮೊಯ್ದಿನ್ ಬ್ಯಾರಿ ಕಿರುಚಿದರು. ಕಿರುಚಿ ನನ್ನನ್ನು ಪಕ್ಕಕ್ಕೆ ನೂಕಿದರು. ನೂಕಿದ ರಭಸಕ್ಕೆ ನನ್ನ ಜಾಗದಲ್ಲಿ ಅವರೇ ನಿಂತಿದ್ದರು.

ಹ್ಯಾಮರ್ ಅರ್ಧಕ್ಕೆ ನಿಂತಿತು. ಆಮೇಲೆ ಮೆಲ್ಲಗೆ ಕೆಳಗಿಳಿಯಿತು.

ನೆಲದ ಮೇಲಿದ್ದ ರಿಸೀವರಿನಿಂದ ಯಾರೋ "ಹಲೋ, ಹಲೋ" ಅನ್ನುತ್ತಿದ್ದರು. ಅರ್ಬಾಬ್ ಮುಖ ಸುಣ್ಣ. ನನ್ನ ಮುಖ ಹೇಗಿತ್ತೋ. ಮೊಯ್ದಿನ್ ಬ್ಯಾರಿ ಗೋಡೆ ಹಿಡಿದು ಕೂತುಬಿಟ್ಟರು. ನಾನು ಇಷ್ಟು ದಿನ ಯಾರನ್ನು ಅನುಮಾನಿಸಿದ್ದೆನೋ ಅವರೇ ನನಗೆ ಅಡ್ಡ ನಿಂತದ್ದು!

ಯಾರೂ ಸಾರಿ ಹೇಳಲಿಲ್ಲ. ಯಾರಿಗೆ ಯಾರು ಹೇಳುವುದು? ಅದೇ ವಾರ, ಒಮಾನಿನ ಆ ತುದಿಯಲ್ಲಿರುವ ಸಲಾಲಾ ಬ್ರಾಂಚಿಗೆ ಹೋಗುತ್ತೇನೆ ಎಂದೆ. ಅರ್ಬಾಬ್ ನನ್ನ ಮಾತು ಮುಗಿಯುವ ಮೊದಲೇ ಒಪ್ಪಿದರು. ಆ ಅವಸರ ನೋಡಿ ಬೇಸರವಾಯಿತು. ಸಮಾಧಾನವೂ ಆಯಿತು.

ಹೀಗೆ ನಾನು ಈಗ ಸಲಾಲಾದಲ್ಲಿದ್ದೇನೆ. ಇಲ್ಲಿ ತೆಂಗಿನಮರ ಉಂಟು, ಈ ತಿಂಗಳಲ್ಲಿ ಜಿಟಿಜಿಟಿ ಮಳೆಯೂ ಉಂಟು. ಕಳೆದ ವಾರ ಆ ಮಳೆಯಲ್ಲಿ, ಮುಂಚಿತವಾಗಿ ತಿಳಿಸದೆ, ಅರ್ಬಾಬ್ ಬಂದಿಳಿದರು. ರಸ್ತೆಬದಿಯ ತಟ್ಟಿಯಂಗಡಿಯಲ್ಲಿ ಇಬ್ಬರೂ ಎಳನೀರಿನ ಬೊಂಡ ಕುಡಿದೆವು. ಅದೂ ಇದೂ ಮಾತಾಡಿದ ಮೇಲೆ ಅವರೇ ರಿವಾಲ್ವರಿನ ಮಾತು ತೆಗೆದರು.

"ಕೊಟ್ಟುಬಿಟ್ಟೆ. ಪೊಲೀಸರಿಗೆ ವಾಪಸ್. ಖಲಾಸ್."

"ಯಾಕೆ ಅರ್ಬಾಬ್?"

ಬೊಂಡ ಕೆಳಗಿಟ್ಟರು. "ನನ್ನ ಹೆಂಡತಿ ಇದ್ದಾಳಲ್ಲ. ನಾನಿರುವ ಕೋಣೆಗೆ ಬರುವ ಮೊದಲು ಹೊರಗೆ ನಿಂತು ತನ್ನ ಹೆಸರು ಹೇಳುತ್ತಿದ್ದಳು. 'ನಾನು, ನಾನು ಬರುತ್ತಿದ್ದೇನೆ' ಅಂತ. ನಾನು ಹೇಳಿಕೊಟ್ಟದ್ದಲ್ಲ. ಆಮೇಲೆ ಮಕ್ಕಳೂ ಹಾಗೆಯೇ ಶುರು ಮಾಡಿದರು."

ತನ್ನ ಮನೆಯಲ್ಲಿ ತನ್ನ ಮಕ್ಕಳೇ ಹೆಸರು ಹೇಳಿ ಒಳಗೆ ಬರಬೇಕಾದರೆ, ಆ ಮನುಷ್ಯ ಯಾರಿಂದ ರಕ್ಷಣೆ ಪಡೆದ ಹಾಗಾಯಿತು?

ಹೊರಡುವಾಗ ನನ್ನನ್ನು ಅಪ್ಪಿಕೊಂಡರು. ಬಿಗಿಯಾಗಿ, ಮೊದಲಿನ ಹಾಗೆ. ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ. ಅದೇ ಹೊತ್ತಿನಲ್ಲಿ ನನ್ನ ಬಲಗೈ, ನನ್ನನ್ನು ಕೇಳದೆ, ಅವರ ಸೊಂಟದ ಪಕ್ಕಕ್ಕೆ ಇಳಿದು ಬಟ್ಟೆ ಸವರಿತು.

ಅವರಿಗೆ ಗೊತ್ತಾಯಿತು. ಹಿಂದೆ ಸರಿದರು. ಕೋಪ ಮಾಡಲಿಲ್ಲ. ಮಳೆಯಲ್ಲಿ ನಿಂತು ಎರಡೂ ಕೈ ಮೇಲೆತ್ತಿದರು. "ನೋಡು," ಎಂದರು, "ಎರಡೂ ಜೇಬು ನೋಡು."

ನಾಚಿಕೆಯಾಯಿತು. ಬೇಡ ಅರ್ಬಾಬ್ ಎಂದು ತಲೆ ತಗ್ಗಿಸಿ ನಿಂತೆ. ಗಾಡಿ ಹೊರಟುಹೋಯಿತು.

ನೀವಾಗಿದ್ದರೆ ನೋಡುತ್ತಿದ್ದಿರಾ?