ಎರಡನೇ ಚಪ್ಪಾಳೆ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ಯಾರು ಕಟ್ಟಿದರೋ, ಅವರಿಗೆ ತಿಪಟೂರಿನಾಚೆ ಹೆದ್ದಾರಿ ಬದಿಯಲ್ಲಿ ಎದ್ದು ನಿಂತಿರುವ ಆ ಹೊಸ ಹೋಟೆಲನ್ನು ಒಂದು ಸಲ ತೋರಿಸಬೇಕು. ಬಾಗಿಲಲ್ಲಿ ಕಾರಂಜಿ, ಒಳಗೆ ಗಾಜಿನ ಗೊಂಚಲು ದೀಪ, ಕೈತೊಳೆಯುವ ಜಾಗಕ್ಕೂ ಅಮೃತಶಿಲೆ. ಇಷ್ಟೆಲ್ಲ ಮಾಡಿದ ಪುಣ್ಯಾತ್ಮರಿಗೆ ಒಂದು ಇಳಿಜಾರು ಕಟ್ಟಿಸಲು ನಾಲ್ಕು ಬಾಂಡಲಿ ಸಿಮೆಂಟು ಸಿಗಲಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಹೋಟೆಲಿನವರನ್ನು ಬೈದು ಸುಮ್ಮನಾಗುವ ಹಾಗಿದ್ದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ನಮ್ಮದೊಂದು ಬಳಗವಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೇರಿ ಮೂವತ್ತು ನಲವತ್ತು ಜನ. ಹಾಡು ಯಾವುದು ಎನ್ನುವುದಕ್ಕಿಂತ ಅದು ಪೆಟ್ಟಿಗೆಯಿಂದ ಹೇಗೆ ಹೊರಗೆ ಬರುತ್ತದೆ ಎಂದು ತಲೆ ಕೆಡಿಸಿಕೊಳ್ಳುವ ಜಾತಿ. ನಾನು ತುರುವೇಕೆರೆಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. "ತಬಲದ ಬೆರಳು ಕೇಳ್ಸುತ್ತಂತೆ, ಹಾಲು ತತ್ತಾ ಅಂದ್ರೆ ಮಾತ್ರ ಕೇಳ್ಸಲ್ವಂತೆ" ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಾಳೆ. ವರ್ಷಕ್ಕೊಮ್ಮೆ ನಾವು ಒಂದು ಪ್ರದರ್ಶನ ಇಟ್ಟುಕೊಳ್ಳುತ್ತೇವೆ. ಅವರವರು ಕಟ್ಟಿದ ಸ್ಪೀಕರು, ಆಂಪ್ಲಿಫೈಯರು ತಂದು ಎರಡು ದಿನ ಕೇಳುವುದು, ಜಗಳವಾಡುವುದು, ಮತ್ತೆ ಕೇಳುವುದು.

ಹೋದ ವರ್ಷದವರೆಗೆ ಅದು ನಡೆದದ್ದು ಒಂದು ಕೊಬ್ಬರಿ ಗೋಡೌನಿನಲ್ಲಿ. ಮೂರು ಗೋಡೆಗೂ ಕೊಬ್ಬರಿ ಚೀಲ ಒಟ್ಟಿರುತ್ತಿದ್ದುದರಿಂದ ಅಲ್ಲಿ ಒಂದಿಷ್ಟೂ ಪ್ರತಿಧ್ವನಿ ಇರುತ್ತಿರಲಿಲ್ಲ. ಕೈಗಾಡಿ ಹತ್ತಿಸಲೆಂದು ಬಾಗಿಲಿಗೆ ಇಳಿಜಾರು ಇತ್ತು. ಈ ಸಲ ಮಾಲೀಕರು ಆ ಗೋಡೌನನ್ನು ಕೆಡವಿ ಅಂಗಡಿ ಸಾಲು ಕಟ್ಟಿಸಲು ಹೊರಟರು. ಬೇರೆ ಜಾಗ ಹುಡುಕಬೇಕಾಯಿತು.

ಜಾಗ ನೋಡಲು ಹೊರಟವರು ಮೂವರು. ನಾನು, ತಿಪಟೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ಕಾರ್ಯದರ್ಶಿ, ಮತ್ತೆ ದಬ್ಬೇಘಟ್ಟದ ಕಡೆಯ ನನ್ನ ಗೆಳೆಯ. ಗೆಳೆಯ ಮತ್ತು ನಾನು ಒಂದೇ ಬೆಂಚಿನಲ್ಲಿ ಕೂತು ಓದಿದವರು. ಹನ್ನೊಂದು ವರ್ಷದ ಹಿಂದೆ ಕಾಯಿ ಕೆಡವಲು ಮರ ಹತ್ತಿ ಬಿದ್ದ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಗಾಲಿ ಕುರ್ಚಿಯಲ್ಲಿ ಕೂತು ರೇಡಿಯೋ ರಿಪೇರಿಯಿಂದ ಶುರು ಮಾಡಿದವನು ಹಳೇ ರೇಡಿಯೋಗಳ ಗಾಜಿನ ವಾಲ್ವುಗಳನ್ನು ಹೆಕ್ಕಿ ಹೆಕ್ಕಿ ಒಂದು ಆಂಪ್ಲಿಫೈಯರು ಕಟ್ಟಿದ. ಟ್ರಾನ್ಸ್‌ಫಾರ್ಮರಿನ ತಂತಿಯನ್ನೂ ಕೈಯಲ್ಲೇ ಸುತ್ತಿದ. ಆರು ವರ್ಷ ಹಿಡಿಯಿತು. ನಮ್ಮಲ್ಲಿ ಅಂಥ ಕೆಲಸ ಇನ್ನೊಬ್ಬರಿಂದ ಆಗಿಲ್ಲ, ಆಗುವುದೂ ಇಲ್ಲ. ಈ ವರ್ಷ ಪ್ರದರ್ಶನದಲ್ಲಿ ಮೊದಲು ನುಡಿಯಬೇಕಾದದ್ದು ಅದೇ, ಅವನೇ ಪಕ್ಕದಲ್ಲಿ ಕೂತು ಅದನ್ನು ಹೇಗೆ ಕಟ್ಟಿದೆನೆಂದು ಜನಕ್ಕೆ ಹೇಳಬೇಕು ಎಂದು ಬಳಗದಲ್ಲಿ ತೀರ್ಮಾನವಾಗಿತ್ತು. ಬಿದ್ದ ಮೇಲೆ ಅವನು ಗೋಡೌನಿನ ಪ್ರದರ್ಶನ ಬಿಟ್ಟರೆ ಮದುವೆ ಮುಂಜಿ ಎಂದು ಎಲ್ಲಿಗೂ ಹೋದವನಲ್ಲ. ಅವತ್ತು ಕಾರಿನಲ್ಲಿ ತಿಪಟೂರಿನವರೆಗೂ ತಾನು ಆಡಬೇಕಾದ ಮಾತನ್ನೇ ಬಾಯಿಪಾಠ ಮಾಡುತ್ತ ಬಂದ.

"'ಎಲ್ಲರಿಗೂ ನಮಸ್ಕಾರ' ಅಂತ ಶುರು ಮಾಡ್ಲೋ, ಸೀದಾ ವಾಲ್ವಿಗೇ ಬರ್ಲೋ?" ಎಂದು ಕೇಳಿದ.

"ನಮಸ್ಕಾರ ಮಾಡು ಕಣ್ಲಾ, ಇಲ್ದಿದ್ರೆ ಜನ ಏನಂದ್ಕಂಡಾರು," ಎಂದೆ.

ಹೋಟೆಲಿನ ಬಾಗಿಲಿಗೇ ಐದಾರು ಮೆಟ್ಟಿಲು. "ನೀವ್ ಒಂದ್ ಸುತ್ತು ನೋಡ್ಕಂಬನ್ನಿ, ನಾನಿಲ್ಲೇ ಇರ್ತೀನಿ," ಎಂದ ಗೆಳೆಯ. "ಚಪ್ಪಾಳೆ ಕಳ್ಸು."

ಚಪ್ಪಾಳೆ ಎಂದರೆ ನಾವು ಕೋಣೆ ಪರೀಕ್ಷೆ ಮಾಡುವ ರೀತಿ. ಖಾಲಿ ಕೋಣೆಯ ನಡುವೆ ನಿಂತು, ಕಣ್ಣು ಮುಚ್ಚಿ, ಒಂದೇ ಒಂದು ಚಪ್ಪಾಳೆ ತಟ್ಟಿ ಅದು ಹೇಗೆ ಸಾಯುತ್ತದೆಂದು ಕೇಳುವುದು. ನಮ್ಮಲ್ಲಿ ಇನ್ನೊಂದು ಕಟ್ಟಳೆಯೂ ಇದೆ. ಎರಡನ್ನು ಹೋಲಿಸುವಾಗ ಯಾವುದು ಯಾವುದೆಂದು ಕೇಳುವವನಿಗೆ ಹೇಳಕೂಡದು. ಹೇಳಿದರೆ ಕಿವಿ ಕೆಡುತ್ತದೆ, ದುಬಾರಿಯದೇ ಚೆನ್ನಾಗಿ ಕೇಳಿಸುತ್ತದೆ. ಆದ್ದರಿಂದ ಒಂದನೇದು, ಎರಡನೇದು ಎಂದಷ್ಟೇ ಹೇಳುತ್ತೇವೆ. ಈ ಕಟ್ಟಳೆ ತಂದವನು ನಾನೇ. ಅದರ ಬಗ್ಗೆ ಅವತ್ತಿನವರೆಗೆ ನನಗೆ ಭಾರಿ ಹೆಮ್ಮೆಯಿತ್ತು.

ಮ್ಯಾನೇಜರು ಒಬ್ಬ ಟೈ ಕಟ್ಟಿಕೊಂಡು ಬಂದ. ಮೊದಲು ಕೆಳಗಿನ ಹಾಲು ತೋರಿಸಿದ. ಅಡಿಗೆಮನೆಗೆ ಅಂಟಿಕೊಂಡದ್ದು, ತಗ್ಗಿನ ಸೂರು. ಗೋಡೆಯಾಚೆ ಫ್ರೀಜರುಗಳು ಗುಂಯ್‌ಗುಡುತ್ತಿದ್ದವು. ಚಪ್ಪಾಳೆ ತಟ್ಟಿ ಫೋನಿನಲ್ಲಿ ಹಿಡಿದು 'ಒಂದು' ಎಂದು ಕಾರಿನಲ್ಲಿದ್ದ ಗೆಳೆಯನಿಗೆ ಕಳಿಸಿದೆ. ಆಮೇಲೆ ದೊಡ್ಡ ಹಾಲು. ಮೂರು ಕಡೆ ದಪ್ಪ ಪರದೆ, ನೆಲಕ್ಕೆ ಜಮಖಾನೆಯಂಥ ಹಾಸು, ಎತ್ತರದ ಸೂರು. ನಾನು ನಡುವೆ ನಿಂತು ಕಣ್ಣು ಮುಚ್ಚಿ ತಟ್ಟಿದೆ. ಆಹಾ! ಆ ಸದ್ದು ಅಂಚು ಮಾಸದೆ ಎದ್ದು, ಎಲ್ಲೂ ಬಡಿಯದೆ, ಮೆಲ್ಲಗೆ ಕರಗಿತು. ಕಾರ್ಯದರ್ಶಿಯೂ ಕಣ್ಣು ಮುಚ್ಚಿ ಇನ್ನೊಂದು ತಟ್ಟಿದ. "ಎಂಥಾ ರೂಮು ಕಣ್ರೀ!" ಎಂದ. 'ಎರಡು' ಎಂದು ಕಳಿಸಿದೆ.

ಗೆಳೆಯನ ಉತ್ತರ ಅರೆಗಳಿಗೆಯಲ್ಲಿ ಬಂತು. "ಎರಡನೇದು ಕಣ್ಲಾ. ಮಾತೇ ಇಲ್ಲ. ಒಂದ್ನೇದು ಅಡಿಗೆಮನೆ ಪಕ್ಕ ಐತಾ? ಫ್ರೀಜರ್ ಕೂಗ್ತೈತೆ."

ಅಡಿಗೆಮನೆ ಪಕ್ಕದ ಫ್ರೀಜರನ್ನೂ ಕಾರಿನಲ್ಲಿ ಕೂತು ಕಂಡುಹಿಡಿದನಲ್ಲ ಎಂದು ನಾವಿಬ್ಬರೂ ನಕ್ಕೆವು. ಕಾರ್ಯದರ್ಶಿ ಅಲ್ಲೇ ದಿನ ಗೊತ್ತು ಮಾಡಿ ಮುಂಗಡ ಕೊಟ್ಟ. ಬಳಗದವರಿಗೆಲ್ಲ ಫೋಟೋ ಹೋಯಿತು. ನಾನು ಕುಣಿದುಕೊಂಡೇ ಕಾರಿನ ಹತ್ತಿರ ಬಂದೆ.

"ನಿನ್ನ ಆಂಪ್ಲಿಫೈಯರಿಗೇ ಅಂತ ಕಟ್ಸಿದ ಹಾಗೈತೆ ಕಣ್ಲಾ ಹಾಲು," ಎಂದೆ.

ಅವನ ಮುಖ ಅರಳಿತು. ಪರದೆ ಎಷ್ಟು ದೂರ, ಕರೆಂಟಿನ ಪ್ಲಗ್ಗು ಎಲ್ಲಿ, ಎಲ್ಲ ವಿಚಾರಿಸಿದ. ಆಮೇಲೆ ಹೋಟೆಲಿನ ಕಡೆ ತಲೆಯೆತ್ತಿ ನೋಡಿ, "ಎಷ್ಟು ಮೆಟ್ಲು?" ಎಂದು ಕೇಳಿದ.

ನಾನು ಕಾರ್ಯದರ್ಶಿಯ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಹಾಲು ಎರಡನೇ ಮಹಡಿಯಲ್ಲಿತ್ತು. ಅಷ್ಟು ಮೆಟ್ಟಿಲು ಹತ್ತಿ ಇಳಿದು ಬಂದಿದ್ದೆವು, ಇಬ್ಬರಿಗೂ ಅದರ ನೆನಪೇ ಇರಲಿಲ್ಲ. ಥೂ, ನಮ್ಮ ಬಾಳಿಗಿಷ್ಟು! ಫ್ರೀಜರಿನ ಸದ್ದು ಕೇಳಿದ ಕಿವಿಯ ಪಕ್ಕದಲ್ಲೇ ಎರಡು ಕಣ್ಣೂ ಇದ್ದವಲ್ಲ!

ಓಡಿದೆ. ಲಿಫ್ಟ್ ಎಲ್ಲಿ ಎಂದು ಮ್ಯಾನೇಜರನನ್ನು ಕೇಳಿದೆ. ಫ್ಲೆಕ್ಸ್ ಹೊದಿಸಿದ ಒಂದು ಗೂಡು ತೋರಿಸಿ, "ಮುಂದಿನ ವರ್ಷ ಹಾಕಿಸ್ತಾರೆ ಸಾರ್," ಎಂದ. ಗೊಂಚಲು ದೀಪ ಹಾಕಿಸಲು ಮುಂದಿನ ವರ್ಷ ಬೇಕಾಗಲಿಲ್ಲವೇನಯ್ಯ ಎಂದು ಕೂಗಿದೆ. ಕಾಫಿ ಕುಡಿಯುತ್ತಿದ್ದವರು ತಿರುಗಿ ನೋಡಿದರು. ನೋಡಿದರೆ ನೋಡಲಿ! ನಡೆಯಲಾಗದವರು ನಿಮ್ಮ ಹೋಟೆಲಿಗೆ ಬರುವುದೇ ಇಲ್ಲವೋ, ಬಂದರೆ ಹಾರಿಕೊಂಡು ಹೋಗಬೇಕೋ ಎಂದು ಇನ್ನೂ ಜೋರಾಗಿ ಕೇಳಿದೆ.

"ಬೇಜಾರು ಮಾಡ್ಕೋಬೇಡಿ ಸಾರ್. ನಮ್ಮ ಸ್ಟಾಫು ಚೇರ್ ಸಮೇತ ಎತ್ಕೊಂಡು ಹೋಗ್ತಾರೆ. ಮದುವೆಗೆ ಬರೋ ಅಜ್ಜಿಯರನ್ನೆಲ್ಲ ಹಂಗೇ ಅಲ್ವಾ ಹತ್ತಿಸೋದು," ಎಂದ ಮ್ಯಾನೇಜರು.

ಅಷ್ಟರಲ್ಲಿ ಕಾರ್ಯದರ್ಶಿಯೂ ಬಂದ. ಅವನನ್ನು ಪಕ್ಕಕ್ಕೆ ಎಳೆದು, ಬಾಗಿಲ ಮೆಟ್ಟಿಲಿಗೆ ಹಲಗೆ ಹಾಕಿ ಕೆಳಗಿನ ಹಾಲಿನಲ್ಲೇ ಮಾಡೋಣ ಎಂದೆ.

"ಆ ಫ್ರೀಜರ್ ಸದ್ದಿನಲ್ಲಾ? ಬೆಂಗ್ಳೂರಿಂದೆಲ್ಲ ಜನ ಬತ್ತಾರೆ ಕಣ್ರೀ, ಉಗೀತಾರೆ." ಆಮೇಲೆ ಏನೋ ದೊಡ್ಡ ಉಪಾಯ ಹೊಳೆದವನ ಹಾಗೆ, "ಹಿಂಗ್ ಮಾಡಾನ. ಆಂಪ್ಲಿಫೈಯರು ಮ್ಯಾಕ್ಕೆ ಹೋಗ್ಲಿ. ಅವ್ರು ಕೆಳಗೇ ಕೂತ್ಕಂಡು ಮಾತಾಡ್ಲಿ, ಮೇಲೆ ಸ್ಕ್ರೀನಲ್ಲಿ ತೋರ್ಸನ," ಎಂದ.

ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಆರು ವರ್ಷ ತಂತಿ ಸುತ್ತಿದವನು ತನ್ನದೇ ಕೆಲಸ ನುಡಿಯುವಾಗ ಕೆಳಗೆ ಚಪ್ಪಲಿ ಬಿಡುವ ಜಾಗದಲ್ಲಿ ಕೂತಿರಬೇಕಂತೆ! "ನಿಮ್ಮಪ್ಪನ್ನ ಹಂಗ್ ಕೂರಿಸ್ತೀಯೇನಯ್ಯ?" ಎಂದುಬಿಟ್ಟೆ. ಅವನು ಕೆಂಪಗಾದ. ಅದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ನಿಜ ಹೇಳಬೇಕೆಂದರೆ, ಅಲ್ಲಿಗೆ ನಾನು ಮುಂಗಡ ಹೋದರೆ ಹೋಗಲಿ, ಈ ಹಾಲು ಬೇಡ ಎಂದು ಹೊರಡಬೇಕಿತ್ತು. ಹೊರಡಲಿಲ್ಲ. ಆ ಎರಡನೇ ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. ಗೆಳೆಯನ ಆಂಪ್ಲಿಫೈಯರು ಆ ಕೋಣೆಯಲ್ಲಿ ನುಡಿಯುವುದನ್ನು ಕೇಳಬೇಕೆಂಬ ಆಸೆ ಅವನಿಗಿಂತ ನನಗೇ ಹೆಚ್ಚಾಗಿತ್ತು. ಆಸೆ ಬಂದರೆ ಬುದ್ಧಿ ಎಷ್ಟು ಬೇಗ ಲಾಯರಿಕೆ ಶುರು ಮಾಡುತ್ತದೆ! ಮ್ಯಾನೇಜರು ಹೇಳಿದ್ದರಲ್ಲಿ ತಪ್ಪೇನಿದೆ, ಎರಡು ನಿಮಿಷದ ಮಾತು, ಹೊರಗಿನವರು ಮುಟ್ಟುವುದು ಬೇಡ, ನಾವೇ ಎತ್ತಿದರಾಯಿತು ಎಂದುಕೊಂಡೆ. ಎಂದುಕೊಂಡದ್ದು ಮಾತ್ರವಲ್ಲ, ಹೋಗಿ ಅವನ ಮುಂದೆ ಹೇಳಿಯೂಬಿಟ್ಟೆ.

"ಚೇರ್ ಸಮೇತ ಎತ್ಕಂಡೋಗ್ಬುಡ್ತೀವಿ ಕಣ್ಲಾ," ಎಂದೆ ಕಾರಿನ ಬಾಗಿಲು ಹಿಡಿದು. "ಒಂದ್ ಕಡೆ ನಾನೇ ಹಿಡ್ಕತೀನಿ. ನಾಕ್ ಜನ ಸಾಕು."

ಅವನು ನನ್ನನ್ನು ನೆಟ್ಟಗೆ ನೋಡಿದ.

"ಅವತ್ತೂ ನಾಕ್ ಜನ ಸಾಕು ಅಂದೋನು ನೀನೇ ಕಣ್ಲಾ," ಎಂದ.

ಅವತ್ತು ಎಂದರೆ ಅವನು ಮರದಿಂದ ಬಿದ್ದ ದಿನ. ಬುಡದಲ್ಲಿ ಕಾಯಿ ಆಯುತ್ತಿದ್ದವನು ನಾನು. ಕೂಗಿ ಪಕ್ಕದ ತೋಟದಿಂದ ಮೂವರನ್ನು ಕರೆದೆ. "ಅಲ್ಲಾಡಿಸ್‌ಬ್ಯಾಡ್ರೋ, ಹಲಗೆ ತನ್ರೋ" ಎಂದು ಅವನು ಕಿರುಚುತ್ತಿದ್ದ. ಹಲಗೆ ಹುಡುಕುತ್ತಿದ್ದರೆ ಹೊತ್ತಾಗುತ್ತದೆ, ನಾಲ್ಕು ಜನ ಇದ್ದೀವಲ್ಲ ಸಾಕು ಎಂದವನು ನಾನು. ಇಬ್ಬರು ತೋಳು, ಇಬ್ಬರು ಕಾಲು ಹಿಡಿದು, ನಡು ಜೋತು ಬಿದ್ದವನನ್ನು ಬದುವಿನ ಮೇಲೆ ರಸ್ತೆಯವರೆಗೆ ಹೊತ್ತೆವು. ಇವನನ್ನು ಹೀಗೆ ಎತ್ತಿದ್ದು ಯಾರು ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಮರದ ಬುಡದಲ್ಲಿ ಬಿದ್ದಿದ್ದಾಗ ಅವನ ಕಾಲ್ಬೆರಳು ಆಡುತ್ತಿದ್ದುದನ್ನು ನಾನು ನೋಡಿದ್ದೆ.

ಹನ್ನೊಂದು ವರ್ಷದಲ್ಲಿ ಅವನು ಒಮ್ಮೆಯೂ ಆ ಮಾತು ಎತ್ತಿರಲಿಲ್ಲ. ಅವನಿಗೆ ನೆನಪಿಲ್ಲವೆಂದೇ ನಾನು ನಂಬಿಕೊಂಡಿದ್ದೆ. ಮ್ಯಾನೇಜರನ ಮೇಲೆ, ಕಾರ್ಯದರ್ಶಿಯ ಮೇಲೆ ಅಷ್ಟು ಹಾರಾಡಿದವನು ಕಾರಿನ ಬಾಗಿಲು ಬಿಟ್ಟು ಹಿಂದೆ ಸರಿದೆ.

"ಆಂಪ್ಲಿಫೈಯರು ಬರಲ್ಲ ಅಂತ ಅವ್ರಿಗೆ ಹೇಳ್ಬುಡು," ಎಂದ. "ಗಾಡಿ ತಿರುಗ್ಸು."

ಕಾರ್ಯದರ್ಶಿಯನ್ನು ಹೋಟೆಲಿನಲ್ಲೇ ಬಿಟ್ಟು ತಿರುಗಿಸಿದೆ. ದಬ್ಬೇಘಟ್ಟದವರೆಗೆ ಅವನು ಕಿಟಕಿಯ ಕಡೆಯೇ ಮುಖ ಮಾಡಿಕೊಂಡಿದ್ದ. ಮನೆ ಮುಂದೆ ಗಾಲಿ ಕುರ್ಚಿ ಇಳಿಸಿ, ಯಾವತ್ತಿನ ಹಾಗೆ ಅವನ ಕಂಕುಳಿಗೆ ಕೈ ಹಾಕಲು ಹೋದೆ. ನನ್ನ ಕೈ ತಳ್ಳಿ, ಹೆಂಡತಿಯನ್ನು ಕೂಗಿದ.