ಮುಖ ಹೋಗದ ಫೋನು

ಫೋನಿನ ಬ್ಯಾಟರಿ ಉಬ್ಬಿ ಅಕ್ಕನ ಕೈಯಲ್ಲೇ ಸಿಡಿಯಬಹುದಿತ್ತು. ಸೊಪ್ಪು ಕೊಯ್ಯುವಾಗ ಸೊಂಟದಿಂದ ಜಾರಿ ನೀರಿನ ತೊಟ್ಟಿಗೆ ಬೀಳಬಹುದಿತ್ತು. ಗುರುತಿಲ್ಲದ ಯಾವನೋ ವಿಡಿಯೋ ಕಾಲ್ ಮಾಡಿ ಅವಳನ್ನು ಹೆದರಿಸಬಹುದಿತ್ತು. ನಾನು ಹೊಸ ಫೋನು ಒಯ್ಯುವಾಗ ಕಲ್ಯಾಣದುರ್ಗದ ಬಸ್ಸಿನಲ್ಲಿ ಅದು ಕಳುವಾಗಬಹುದಿತ್ತು. ಕಳುವಾಗದಿದ್ದರೂ, ಕಳುವಾದೀತೆಂದು ಎದೆಗವಚಿಕೊಂಡು ಕೂತ ನನಗೇ ಎದೆನೋವು ಬರಬಹುದಿತ್ತು. ಇಷ್ಟನ್ನೂ ನಾನು ಮೊದಲೇ ಯೋಚಿಸಿಟ್ಟಿದ್ದೆ. "ಗಾಬರಿಗೆ ಕೂಲಿ ಕೊಡ್ತಿದ್ರ ನಾವು ಇಷ್ಟೊತ್ತಿಗೆ ಸಾವ್ಕಾರ್ರಾಗಿರ್ತಿದ್ವಿ," ಅನ್ನುತ್ತಾರೆ ನಮ್ಮ ಮನೆಯವರು.

ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ. ಓದೂ ಇಲ್ಲ. ನಮ್ಮಿಬ್ಬರದು ಕೈಮಾತು, ಚಿಕ್ಕಂದಿನಲ್ಲಿ ನಾವೇ ಕಟ್ಟಿಕೊಂಡದ್ದು. ಅವ್ವ ಹೋದ ಮೇಲೆ ಅದನ್ನು ಪೂರಾ ಬಲ್ಲವಳು ಈ ಭೂಮಿಯ ಮೇಲೆ ನಾನೊಬ್ಬಳೇ. ಭಾವನಿಗೆ ಊಟ, ರೇಷ್ಮೆಹುಳು, ಮಳೆ, ಜ್ವರ, ಇಷ್ಟರ ಸನ್ನೆ ಬರುತ್ತದೆ. ಸಂಸಾರಕ್ಕೆ ಅದು ಸಾಕೆಂದು ಅವರ ವಾದ.

ಅವಳು ರೊಳ್ಳದ ಹತ್ತಿರದ ಹಳ್ಳಿಯಲ್ಲಿ, ನಾನು ರಾಯದುರ್ಗದ ಜೀನ್ಸ್ ಹೊಲಿಯುವ ಯುನಿಟ್ಟಿನಲ್ಲಿ ಚೆಕಿಂಗ್ ಕೆಲಸದಲ್ಲಿ. ನಾನು ಬಳಸಿ ಬಿಟ್ಟ ಫೋನೇ ಅವಳದು. ಸಂಜೆ ಟೀಗೆ ಬಿಟ್ಟಾಗ ನಾನು ವಿಡಿಯೋ ಕಾಲ್ ಮಾಡಿದರೆ ಅವಳ ಸೊಂಟದಲ್ಲಿ ಅದು ಗುರ್ರೆನ್ನುತ್ತಿತ್ತು. ಹುಳುಮನೆಯಲ್ಲಿ ಸೊಪ್ಪಿನ ಬುಟ್ಟಿಗೆ ಫೋನು ಒರಗಿಸಿ, ಎರಡೂ ಕೈ ಬಿಡುವು ಮಾಡಿಕೊಂಡು, ಊರವರನ್ನೆಲ್ಲ ಆಡಿಕೊಳ್ಳುತ್ತಿದ್ದಳು. ನಾನು ನಕ್ಕರೆ ಪಕ್ಕದ ಮೆಷಿನ್ನಿನವರು ತಿರುಗಿ ನೋಡುವರು.

ಆಮೇಲೆ ಪರದೆಯ ಮೇಲೆ ಏನೋ ಬರಹ ಬರತೊಡಗಿತಂತೆ. ಭಾವ ದಿನವೂ ಅದನ್ನು ಒತ್ತಿ ಸಾಗಹಾಕಿದ್ದಾರೆ. ಒಂದು ಸಂಜೆ ಕರೆಯೇ ಹೋಗಲಿಲ್ಲ. ಭಾವ ತಮ್ಮ ಬಟನ್ ಫೋನಿನಿಂದ ಮಾಡಿದರು.

"ಫೋನು ಚೆನ್ನಾಗೇ ಐತೆ ಕಣಮ್ಮ. ಟಾರ್ಚು ಬತ್ತೈತೆ, ಹಾಡು ಬತ್ತೈತೆ. ನಿಮ್ಮಕ್ಕನ ಮುಖ ಮಾತ್ರ ಆಚಿಗೆ ಹೋಗಲ್ಲ ಅಂತೈತೆ."

ರಿಪೇರಿ ಅಂಗಡಿಯವನಿಗೆ ಮಾಡೆಲ್ ಹೇಳಿದೆ. "ಅದಕ್ಕ ಇನ್ನ ಅಪ್‌ಡೇಟ್ ಬರಾಂಗಿಲ್ರಿ ಅಕ್ಕಾರ. ಆ ವಿಡಿಯೋ ಕಾಲಿನ ಆ್ಯಪ್ ಅದರಾಗ ನಡಿಯಾಂಗಿಲ್ಲ."

"ಸತ್ತೋತೇನು?"

"ಸತ್ತಿಲ್ರಿ, ರಿಟೈರ್ ಮಾಡ್ಯಾರ. ಯಾಕ ಅಷ್ಟು ಮುಖ ಸಣ್ಣ ಮಾಡ್ತೀರಿ? ಹೊಸಾದು ಕೊಡಸ್ರಿ."

ಹೊಸದನ್ನು ಕೊಂಡೆ. ರಜೆ ಮಾತ್ರ ಸಿಗಲಿಲ್ಲ. ಪ್ಯಾಂಟುಗಳ ಈ ಲಾಟು ಹೋಗಲಿ, ಆ ಲಾಟು ಹೋಗಲಿ ಎಂದು ವಾರಗಳು ಹೋದವು. "ಫೋನಿಂದು ತಪ್ಪು, ನಂದಲ್ಲ ಅಂತ ಅಕ್ಕಂಗೆ ಹೇಳಿ ಭಾವ," ಎಂದು ಬೇಡಿಕೊಂಡೆ. "ಅದನ್ನ ಕೈಯಾಗೆ ಹೆಂಗಮ್ಮ ಹೇಳಾದು?" ಎಂದರು. ನಿಜವೇ. ಎಲ್ಲೋ ದೂರದಲ್ಲಿ ಕೂತ ಯಾರೋ ನಿಲ್ಲಿಸಿಬಿಟ್ಟರು ಅನ್ನಲು ನನ್ನಲ್ಲೂ ಸನ್ನೆ ಇರಲಿಲ್ಲ.

ಕೊನೆಗೆ ಹೋದೆ. ಬಸ್ಸು ಕೆಡಲಿಲ್ಲ, ಫೋನು ಕಳೆಯಲಿಲ್ಲ. ಅಂಗಳದಲ್ಲಿ ನಿಂತು ನಮ್ಮ ಮನೆಯವರಿಗೆ ಕರೆ ಮಾಡಿ ನೋಡಿದೆ, ಅವರ ಮುಖ ಮೂಗಿನ ಕೂದಲ ಸಮೇತ ಬಂತು. ಅಕ್ಕ ಹುಳುಮನೆಯಲ್ಲಿ ಸೊಪ್ಪು ಹರವುತ್ತಿದ್ದಳು. ಬಾಗಿಲಲ್ಲಿ ನನ್ನ ನೆರಳು ಬಿದ್ದಾಗ ಒಮ್ಮೆ ನೋಡಿದಳು, ಬೆನ್ನು ತಿರುಗಿಸಿದಳು.

"ಫೋನಾಗೆ ನೀನು ಬರ್ದಂಗಾದ್ಯಲ್ಲ, ನೀನೇ ಮುಖ ತಿರುಗಿಸ್ದೆ ಅಂದ್ಕಂಡವ್ಳೆ," ಎಂದರು ಭಾವ. "ದಿನಾ ಹೊತ್ತಿಗೆ ಸರಿಯಾಗಿ ಅದರ ಮುಂದೆ ಕುಂತ್ಕಳೋಳು. ಆಮ್ಯಾಕೆ ಬಿಟ್ಲು."

ನಮ್ಮಲ್ಲಿ ಜಗಳಕ್ಕೆ ಬೈಗುಳ ಬೇಕಿಲ್ಲ. ಮುಖ ತಿರುಗಿಸಿದರೆ ಆಯಿತು, ಎದುರಿನವಳ ಬಾಯಿ ಕಟ್ಟಿದಂತೆ. ಅವಳ ಬೆನ್ನಿಗೇ ಕೈಯಾಡಿಸಿ ಏನೇನೋ ಹೇಳಿದೆ. ಭುಜ ಮುಟ್ಟಿದೆ, ಕೊಡವಿದಳು. ಎಡಕ್ಕೆ ಹೋದರೆ ಬಲಕ್ಕೆ ತಿರುಗಿದಳು. ಕೊನೆಗೆ ಹುಳುವಿನ ತಟ್ಟೆಗಳ ನಡುವೆ ನುಸುಳಿ ಅವಳ ಎದುರಿಗೇ ಕೂತು ಎರಡೂ ಕೈ ಎತ್ತಿದೆ.

ಅವಳು ಕಣ್ಣು ಮುಚ್ಚಿಕೊಂಡಳು.