ವೈದ್ಯರು ಬೇಡವೆನ್ನಲಿಲ್ಲ

ಇಳಾ, ನಿನ್ನ ಅಪ್ಪನನ್ನು ನೋಡಲು ವೈದ್ಯರು ನನ್ನನ್ನು ಬಿಡಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದೆನಲ್ಲ — ಅದು ಸುಳ್ಳು. ಅವರು ಬನ್ನಿ ಎಂದಿದ್ದರು. ಹೋಗದೆ ಉಳಿದವಳು ನಾನು.

ಆ ಸುಳ್ಳು ನನ್ನ ತಲೆಯಲ್ಲಿ ಹುಟ್ಟಿದ್ದೂ ಅಲ್ಲ. ಆಗ ನಾವಿಬ್ಬರೂ ಕ್ಯೋಟೋದಲ್ಲಿದ್ದೆವು, ನಿನಗೆ ನಾಲ್ಕು ವರ್ಷ. ಹತ್ತೊಂಬತ್ತನೆಯ ಶತಮಾನದ ಒಬ್ಬ ಜರ್ಮನ್ ಸಂಗೀತಕಾರನ ಕೊನೆಗಾಲದ ಮೇಲೆ ನಾನು ಡಾಕ್ಟರೇಟ್ ಮಾಡುತ್ತಿದ್ದೆ. ಆತ ತಾನಾಗಿಯೇ ಕೇಳಿಕೊಂಡು ಮಾನಸಿಕ ಆಸ್ಪತ್ರೆ ಸೇರಿದವನು. ಎರಡು ವರ್ಷಕ್ಕೂ ಮಿಕ್ಕಿ ಅಲ್ಲಿದ್ದ. ಪಿಯಾನೊ ನುಡಿಸುತ್ತಿದ್ದ, ಭೂಪಟ ಮುಂದಿಟ್ಟುಕೊಂಡು ಊರುಗಳ ಹೆಸರನ್ನು ಅಕ್ಷರಕ್ರಮದಲ್ಲಿ ಜೋಡಿಸುತ್ತಿದ್ದ, ಕೊನೆಕೊನೆಗೆ ಊಟ ಬಿಟ್ಟ. ಅಷ್ಟು ದಿನವೂ ಹೆಂಡತಿ ನೋಡಲು ಹೋಗಲಿಲ್ಲ — ವೈದ್ಯರು ಬೇಡವೆಂದಿದ್ದರಂತೆ. ನಾನು ಒಪ್ಪಲಿಲ್ಲ. ಅದು ಆಕೆಗೆ ಸಿಕ್ಕ ಅನುಕೂಲದ ನೆಪ ಎಂದು ಬರೆದೆ. ಎಷ್ಟು ಖಾರವಾಗಿ ಬರೆದೆ! ಪ್ರಾಧ್ಯಾಪಕರು ಆ ಅಧ್ಯಾಯವನ್ನೇ ಹೊಗಳಿದರು.

ಅದೇ ತಿಂಗಳುಗಳಲ್ಲಿ ನಿನ್ನ ಅಪ್ಪ ರಘು ಟೋಕಿಯೋದ ಅಂಥದೇ ಆಸ್ಪತ್ರೆಯಲ್ಲಿದ್ದ.

ಅವನು ಅಲ್ಲಿನ ಫುನಾಬೊರಿ ಬಡಾವಣೆಯಲ್ಲಿ ಗೆಳೆಯ ಪ್ರಕಾಶನ ಜೊತೆಗಿದ್ದು, ಎರಡು ಸಾವಿರದ ಇಸವಿ ಬಂದಾಗ ತಾರೀಖು ತಪ್ಪಿ ಕೆಡದಂತೆ ಬ್ಯಾಂಕೊಂದರ ಕಂಪ್ಯೂಟರುಗಳನ್ನು ಸಿದ್ಧಪಡಿಸುವ ಕೆಲಸ ಮಾಡುತ್ತಿದ್ದ. ಹೊಸ ವರ್ಷ ಬಂತು, ಏನೂ ಕೆಡಲಿಲ್ಲ. ಎಲ್ಲರೂ ನಿಟ್ಟುಸಿರು ಬಿಟ್ಟರು. ಅವನೊಬ್ಬ ಮಾತ್ರ, ಎಲ್ಲೋ ತಪ್ಪಿದೆ, ಅದು ನನಗಷ್ಟೇ ಕಾಣುತ್ತಿದೆ ಎನ್ನುತ್ತ ನಿದ್ದೆ ಬಿಟ್ಟ. ಪ್ರಕಾಶನೇ ಆಸ್ಪತ್ರೆಗೆ ಸೇರಿಸಿದ. ಕೆಲವು ವಾರ ಕಳೆದು ಫೋನ್ ಮಾಡಿದ.

"ಅತ್ತಿಗೆ, ಈಗ ಸ್ವಲ್ಪ ಪರವಾಗಿಲ್ಲ. ನೀವು ಬಂದ್ರೆ ಒಳ್ಳೇದು ಅಂತ ಡಾಕ್ಟರೇ ಹೇಳಿದ್ರು. ಸಂಡೇ ಬರ್ತೀರಾ?"

"ಥೀಸಿಸ್ ಸಬ್ಮಿಟ್ ಮಾಡ್ಬೇಕು ಪ್ರಕಾಶ್. ಅದೊಂದು ಮುಗೀಲಿ."

ಊರಿನಿಂದ ಅತ್ತೆ ಫೋನಿನಲ್ಲಿ ಅತ್ತಾಗ ಬೇರೆಯೇ ಮಾತು — "ಡಾಕ್ಟರು ಯಾರನ್ನೂ ಬಿಡ್ತಿಲ್ಲ ಅತ್ತೆ." ಎಷ್ಟು ಸಲೀಸಾಗಿ ಬಂತು! ನಾನೇ ಹೀಗಳೆದ ನೆಪ.

ಪ್ರಬಂಧ ಮುಗಿಯಿತು, ಆಮೇಲೂ ಹೋಗಲಿಲ್ಲ. ಹೆದರಿಕೆಯೇ? ಕನ್ನಡದವರು ಸೇರಿದಲ್ಲಿ ಹುಚ್ಚನ ಹೆಂಡತಿ ಎನಿಸಿಕೊಳ್ಳುವ ನಾಚಿಕೆಯೇ? ಅವನ ಫೋನು ಬಾರದ ಸಂಜೆಗಳು ನನಗೆ ಹಗುರವಾಗಿದ್ದವು — ಇದನ್ನು ಬರೆಯಲು ಕೈ ಬರುತ್ತಿರಲಿಲ್ಲ.

ಜೂನ್ ಮಳೆಯಲ್ಲಿ ನ್ಯುಮೋನಿಯಾ ಆಗಿ ರಘು ತೀರಿಕೊಂಡ. ಆ ಸಂಗೀತಕಾರನ ಹೆಂಡತಿ ಕೊನೆಗಾದರೂ ಹೋದಳು; ಆತ ಗುರುತಿಸಿ ನಕ್ಕ, ಸ್ವಾಧೀನ ತಪ್ಪಿದ ತೋಳಿನಿಂದ ಕಷ್ಟಪಟ್ಟು ಅವಳನ್ನು ತಬ್ಬಿಕೊಂಡ. ನಾನು ಮುಟ್ಟಿದಾಗ ರಘುವಿನ ಕೈ ತಣ್ಣಗಿತ್ತು.

ನರ್ಸ್ ಮೋರಿ ಸಾನ್ ತಲೆ ಬಾಗಿಸಿ ನಿಂತಿದ್ದಳು. "ಸುಮಿಮಾಸೆನ್," ಎಂದು ಕ್ಷಮೆ ಕೇಳಿದಳು, ತಪ್ಪು ಅವಳದೇ ಎಂಬಂತೆ. "ಭಾನುವಾರ ಬಂತೆಂದರೆ ಗಡ್ಡ ಮಾಡಿಕೊಂಡು, ಒಳ್ಳೆಯ ಅಂಗಿ ಹಾಕಿಕೊಂಡು ಕೂರುತ್ತಿದ್ದರು. ಇವತ್ತು ಹೆಂಡತಿ ಬರ್ತಾಳೆ ಅನ್ನುತ್ತಿದ್ದರು."

ಹೋದ ತಿಂಗಳು ನೀನು, "ಅಮ್ಮಾ, ದಟ್ಸ್ ಸೋ ಕ್ರೂಯೆಲ್. ನಿನ್ನನ್ನ ಬಿಡಲೇ ಇಲ್ಲ ಅವರು," ಎಂದು ನನ್ನನ್ನು ಅಪ್ಪಿಕೊಂಡೆ. ನಾನು ಸುಮ್ಮನೆ ಅಪ್ಪಿಸಿಕೊಂಡೆ. ಆ ಕನಿಕರ ನಿನ್ನ ಅಪ್ಪನಿಗೆ ಸಲ್ಲಬೇಕಾದದ್ದು — ಅದನ್ನೂ ನಾನೇ ತೆಗೆದುಕೊಂಡೆ.